ಹೆಸರು ತಗದಾರ

ಮೊದಲ ಸಲ ಕಂಡಾಗ ಆಕೆ ನನಗೆ ನಮಸ್ಕಾರ ಹೇಳಲಿಲ್ಲ. ಹತ್ತಿರ ಬಂದು, ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ, ಒಳಗಿನ ಕೆಂಪು ನೋಡಿದಳು. ಆಮೇಲೆ ಪಕ್ಕೆಲುಬಿನ ಮೇಲೆ ಎರಡು ಬೆರಳು ಒತ್ತಿದಳು. ನಾನು ಆ ಊರಿನ ಹೈಸ್ಕೂಲಿಗೆ ಕನ್ನಡ ಮಾಸ್ತರನಾಗಿ ಬಂದು ನಾಲ್ಕು ದಿನವಾಗಿತ್ತು. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮೊದಲ ಭಾನುವಾರ ಚರ್ಚಿಗೆ ಹೋಗಿದ್ದೆ.

"ರಗತ ಐತಿ. ಮೈನೂ ಐತಿ," ಎಂದು ಆಕೆ ಬಾಗಿಲಲ್ಲಿ ನಿಂತ ಮಂದಿಗೆ ವರದಿ ಒಪ್ಪಿಸಿದಳು. "ಮಾಸ್ತರ್ ಛಲೋ ಮೇದಾರ."

ಮಂದಿ ನಕ್ಕರು. ನಾನೂ ಹಲ್ಲು ಕಿರಿದೆ. ಚರ್ಚಿಗೆ ಬರುವ ಪ್ರತಿ ಕೂಸಿನ ಕಣ್ಣನ್ನೂ ಆಕೆ ಹೀಗೆಯೇ ಜಗ್ಗಿ ನೋಡುತ್ತಾಳೆ, ಬೇಜಾರು ಮಾಡ್ಕೋಬ್ಯಾಡ್ರಿ ಎಂದು ಯಾರೋ ಸಮಾಧಾನ ಹೇಳಿದರು.

ಎಲ್ಲರೂ ಆಕೆಯನ್ನು ಮೌಶಿ ಎನ್ನುತ್ತಿದ್ದರು. ಮರಾಠಿಯಲ್ಲಿ ಚಿಕ್ಕಮ್ಮ ಎಂದರ್ಥ, ಗಡಿಯಲ್ಲಿ ಕನ್ನಡದ ಮನೆಗಳಲ್ಲೂ ಅದೇ ನಡೆಯುತ್ತದೆ. ಆಕೆಗೆ ಎರಡು ಹೆಸರಿದ್ದವು, ಹುಟ್ಟಿದಾಗ ತೊಟ್ಟಿಲಲ್ಲಿ ಕೂಗಿದ್ದೊಂದು, ದೀಕ್ಷಾಸ್ನಾನದಲ್ಲಿ ಕೊಟ್ಟದ್ದೊಂದು. ಎರಡನ್ನೂ ನಾನಿಲ್ಲಿ ಬರೆಯುವುದಿಲ್ಲ. ಬರೆಯುವ ಹಕ್ಕು ಕಳೆದುಕೊಂಡಿದ್ದೇನೆ, ಹೇಗೆಂದು ಮುಂದೆ ಹೇಳುತ್ತೇನೆ. ಊರಿನ ಹೆಸರೂ ಬೇಡ. ನಿಪ್ಪಾಣಿಗೂ ಚಿಕ್ಕೋಡಿಗೂ ನಡುವೆ, ತಂಬಾಕಿನ ಹೊಲಗಳ ಒಂದು ಊರು, ಅದರ ತುದಿಗೆ ಹಂಚು ಹೊದಿಸಿದ ನಮ್ಮ ಚರ್ಚು. ನಲವತ್ತು ಮನೆಗಳ ಸಭೆ, ಅರ್ಧ ಕನ್ನಡ, ಅರ್ಧ ಮರಾಠಿ. ಹೆಚ್ಚಿನವರು ಹೊಲದ ಕೂಲಿಗಳು, ನನ್ನಂಥ ಐದಾರು ಮಂದಿ ಪಗಾರದವರು.

ಮೌಶಿ ಹುಟ್ಟಿದ್ದು ಕೃಷ್ಣೆಯ ದಂಡೆಯ ಸತ್ತಿ ಎಂಬ ಊರಿನಲ್ಲಿ, ಕುರುಬರ ಮನೆಯಲ್ಲಿ. ಹರೆಯದಲ್ಲಿ ಹಿಂಡಿನ ಜೊತೆ ಈ ಕಡೆ ಬಂದಾಗ ಕಾಲಿಗೆ ಗಾಯವಾಗಿ ಕೊಳೆಯತೊಡಗಿತು. ಅಣ್ಣ ಆಕೆಯನ್ನು ಒಂದು ಮಿಶನ್ ದವಾಖಾನೆಯಲ್ಲಿ ಬಿಟ್ಟು ಹಿಂಡಿನ ಹಿಂದೆ ಹೋದ. ಮರಳಿ ಬರುವಷ್ಟರಲ್ಲಿ ಕಾಲು ಮಾಯ್ದಿತ್ತು, ತಂಗಿ ಅಲ್ಲಿಯ ಆಯಾ ಆಗಿದ್ದಳು, ದೀಕ್ಷೆ ಪಡೆದಿದ್ದಳು, ದವಾಖಾನೆಯ ಮಾಲಿಯನ್ನು ಮದುವೆಯಾಗುವುದರಲ್ಲಿದ್ದಳು. ಅಣ್ಣ ಊರಿಗೆ ಹೋಗಿ, ಬದುಕಿದ್ದ ತಂಗಿ ಸತ್ತಳೆಂದು ದಿನ ಮಾಡಿ, ಮಂದಿಗೆ ಊಟ ಹಾಕಿಸಿದ.

ಇದನ್ನು ಮೌಶಿ ನಗುತ್ತಲೇ ಹೇಳುತ್ತಿದ್ದಳು. "ಹೊಂಟ ನಿಂತಾಗ ಅಣ್ಣ ನನ್ನ ಮಾರಿ ನೋಡಿ 'ಸತ್ತಿ' ಅಂದ. ನಾ ಊರಿನ ಹೆಸರ ಹೇಳಾಕತ್ತಾನ ಅಂತ ಮಾಡಿ, ಹೂಂ ಹೋಗಿ ಬಾ ಅಂದ್ನಿ."

ಒಂದು ಶಬ್ದಕ್ಕೆ ಎರಡರ್ಥವಿದ್ದರೆ ಬೇಕೆಂದೇ ತಪ್ಪು ಅರ್ಥ ಹಿಡಿಯುವುದು, ಹಿಡಿದು ಎದುರಿಗಿದ್ದವರ ಮುಖ ನೋಡುವುದು ಆಕೆಯ ಚಾಳಿ. ಅದನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದರೆ ಮುಂದೆ ಅಷ್ಟು ಹಗುರಾಗುತ್ತಿರಲಿಲ್ಲ.

ಗಂಡ ಬೇಗ ಹೋದ. ಒಬ್ಬಳೇ ಮಗಳು ಒಂಬತ್ತು ತುಂಬುವ ಮೊದಲೇ ಜ್ವರಕ್ಕೆ ಹೋದಳು. ನಮ್ಮ ಸಭೆಯ ಮಣ್ಣಿನ ಜಾಗದಲ್ಲಿ, ಹಿಂದಿನ ಗೋಡೆಗೆ ತಾಗಿದಂತೆ ಬೇವಿನ ಗಿಡದ ಬುಡಕ್ಕೆ ಆ ಹುಡುಗಿಯನ್ನು ಇಟ್ಟಿದ್ದಾರೆ. ಭಾನುವಾರ ಆರಾಧನೆ ಮುಗಿದ ಮೇಲೆ ಮೌಶಿ ಅಲ್ಲಿ ಹೋಗಿ ಬುತ್ತಿ ಬಿಚ್ಚುತ್ತಿದ್ದಳು. ಮಗಳ ಬಲಕ್ಕೆ ಒಂದಾಳುದ್ದ ಖಾಲಿ ನೆಲ. ಅದರ ಮೇಲಿನ ಕಸ ಕೈಯಿಂದ ಬಳಿದು, "ಇದು ನಂದು" ಎನ್ನುತ್ತಿದ್ದಳು. ಬದುಕಿನಲ್ಲಿ ಆಕೆ ನಂದು ಎಂದದ್ದನ್ನು ನಾನು ಕೇಳಿದ್ದು ಅದೊಂದಕ್ಕೇ. ಒಮ್ಮೆ ನನ್ನನ್ನೂ ಕರೆದು ತೋರಿಸಿ, "ಮಾಸ್ತರ್, ನೀವು ಕಮಿಟ್ಯಾಗ ಅದೀರಿ. ನನ್ನ ಇಲ್ಲೇ ಹಾಕಸ್ರಿ ಮತ್ತ" ಎಂದಳು. ಹಾಕಿಸುತ್ತೇನೆ ಎಂದು ಮಾತು ಕೊಟ್ಟೆ.

ಓದು ಕಲಿತದ್ದು ಮೂವತ್ತು ದಾಟಿದ ಮೇಲೆ. ಓದಿದ್ದು ಒಂದೇ ಪುಸ್ತಕ, ಹಳೆಯ ಕನ್ನಡ ಬೈಬಲ್ಲು. ಅದರಲ್ಲೂ ಪ್ರವಾದಿಗಳ ಭಾಗವೆಂದರೆ ಪ್ರಾಣ. ಅರಸರನ್ನೂ ಯಾಜಕರನ್ನೂ ಅವರ ಬಾಗಿಲಿಗೇ ಹೋಗಿ ಬೈದು ಬಂದ ಆ ಮುದುಕರು ಆಕೆಗೆ ನೆಂಟರ ಹಾಗೆ. "ಕೀರ್ತನಿ ಉಂಡವರಿಗಿ ರೀ. ಪ್ರವಾದಿ ಹಸದವರಿಗಿ," ಎನ್ನುತ್ತಿದ್ದಳು. ಗುರುತಿಗೆ ಪುಸ್ತಕದಲ್ಲಿ ಕರಿ ಉಣ್ಣೆಯ ಎಳೆ ಇಟ್ಟುಕೊಂಡಿರುತ್ತಿದ್ದಳು. ಭಾನುವಾರ ಕನ್ನಡ ಪಾಠ ಓದುವುದು ಆಕೆಯದೇ ಪಾಳಿ. ಅಕ್ಷರದ ಕೆಳಗೆ ಬೆರಳಿಟ್ಟು, ಒಂದೊಂದನ್ನೂ ತಡವಿ ತಡವಿ ಓದುತ್ತಿದ್ದಳು. ಕೇಳುವವರಿಗೆ ಬೇಸರ ಬರುತ್ತಿತ್ತು, ಆದರೆ ಓದಿದ್ದು ಮರೆಯುತ್ತಿರಲಿಲ್ಲ.

ಇನ್ನು ನಮ್ಮ ಧರ್ಮಗುರುಗಳು. ಮರಾಠಿಯಲ್ಲಿ ಪಾಳಕ ಎನ್ನುತ್ತಾರೆ, ನಾವು ಪಾಳಕ ಸಾಹೇಬ್ರು ಎನ್ನುತ್ತಿದ್ದೆವು. ಗಡಿಯಾಚೆಯಿಂದ ಬಂದವರು. ಒಳ್ಳೆಯ ಕಂಠ, ಬಿಳಿ ಕಾರು, ಬಿಳಿ ಬೂಟು. ಕೂಲಿ ಹೆಂಗಸರ ಮನೆಯಲ್ಲಿ ಕುರ್ಚಿ ಇಲ್ಲವೆಂದು ಅವರ ಮನೆಗೆ ಹೋಗುತ್ತಿರಲಿಲ್ಲ, ಕೋಳಿ ಇದ್ದರೆ ಊಟಕ್ಕೆ ಕರೆಸಿಕೊಳ್ಳುತ್ತಿದ್ದರು. ಬೇನೆ ಬಿದ್ದವರಿಗೆ ಮೊಬೈಲಿನಲ್ಲಿ ಪ್ರಾರ್ಥನೆ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಒಂದೇ ಪ್ರಾರ್ಥನೆ, ಎಲ್ಲರಿಗೂ. ಮಣ್ಣಿನ ಜಾಗದ ಗೇಟಿಗೆ ಹೊಸ ಬೀಗ ಹಾಕಿಸಿ, ಅದರ ಕೀಲಿಯನ್ನು ಕಾರಿನ ಕೀಲಿಯ ಜೊತೆ ಒಂದೇ ಬಳೆಗೆ ಸಿಕ್ಕಿಸಿಕೊಂಡಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅಲ್ಲೇ ನನ್ನ ಪ್ರವೇಶ.

ಅವರು ಮರಾಠಿಯಲ್ಲಿ ಒಂದು ವಾಕ್ಯ ಹೇಳುವುದು, ನಾನು ಪಕ್ಕದಲ್ಲಿ ನಿಂತು ಅದನ್ನೇ ಕನ್ನಡದಲ್ಲಿ ಹೇಳುವುದು. ವರ್ಷಗಟ್ಟಲೆ ಮಾಡಿದೆ. ಅವರು ಕೈ ಎತ್ತಿದರೆ ನಾನೂ ಎತ್ತುತ್ತಿದ್ದೆ, ಅವರ ಗಂಟಲು ಕಟ್ಟಿದರೆ ನನ್ನದೂ ಕಟ್ಟುತ್ತಿತ್ತು. ಸುಳ್ಳೇಕೆ ಹೇಳಲಿ, ಮೈಕಿನ ಆಸೆ ಕೆಟ್ಟದ್ದು. ಶಾಲೆಯಲ್ಲಿ ನನ್ನ ಮಾತನ್ನು ಯಾವ ವಿದ್ಯಾರ್ಥಿಯೂ ಕೇಳದಿದ್ದಾಗ ಇಲ್ಲಿ ನಲವತ್ತು ಮನೆಯವರು ತಲೆಬಾಗಿ ಕೇಳುತ್ತಿದ್ದರು.

"ಸಾಹೇಬ್ರು ಕೆಮ್ಮಿದ್ರ ನೀವು ಕನ್ನಡದಾಗ ಕೆಮ್ಮತೀರಲ್ರಿ," ಎಂದಿದ್ದಳು ಮೌಶಿ.

ಬಂದ ಹೊಸದರಲ್ಲೇ ಸಾಹೇಬರು ಒಂದು ತಿದ್ದುಪಡಿ ತಂದರು. ನಮ್ಮ ಹಳೆಯ ಪುಸ್ತಕದಲ್ಲಿ ದೇವರಿಗೂ ಸಭೆಯ ಹಿರಿಯರಿಗೂ ಕುರುಬ ಎಂಬ ಶಬ್ದವಿದೆ. ದೇವರನ್ನು ಕುರುಬ ಎಂದರೆ ಕೇಳಲು ಹಗುರ, ಇನ್ನು ಮೇಲೆ ಓದುವವರು ಪಾಲಕ ಎಂದು ಓದಬೇಕು ಎಂದರು. ನಾನು ಮೈಕಿನಲ್ಲಿ ಕನ್ನಡ ಮಾಡಿದೆ. ಎರಡನೇ ಬೆಂಚಿನಿಂದ ಮೌಶಿ ಎದ್ದಳು.

"ಪಾಲಕ್ ಅಂದ್ರ ಪಲ್ಲೆ ಅಲ್ಲೇನ್ರಿ? ನಿಪ್ಪಾಣಿ ಸಂತ್ಯಾಗ ಸಿವುಡಗಟ್ಲೆ ಸಿಗತೈತಿ. ಕುರುಬ ಹಂಗ ಸಿಗಂಗಿಲ್ಲ. ಕುರುಬ ಅಂದ್ರ ಕುರಿ ಹಿಕ್ಕ್ಯಾಗ ಮಲಗಾಂವ. ಕಾಲ ಮುರದ ಮರೀಗಿ ಜಾಲಿ ತೊಗಟಿ ಕಟ್ಟಾಂವ. ಮಳಿ ಬಂದ್ರ ಕಂಬಳಿ ಮರೀಗಿ ಹಾಕಿ ತಾ ತೋಸ್ಕೊಳ್ಳಾಂವ. ದೇವ್ರಿಗಿ ಅದು ಹಗುರ ಆಗೂದಾದ್ರ, ನಮ್ಮಪ್ಪಗೂ ಹಗುರಾಗಿತ್ತೇನ?"

ಆಕೆ ಏನೆಂದಳು ಎಂದು ಸಾಹೇಬರು ಕೇಳಿದರು. ಸಂತೋಷಪಟ್ಟಳು ಎಂದೆ. ಆಗಿನ್ನೂ ಒಳ್ಳೆಯ ಸುಳ್ಳು ಹೇಳುವಷ್ಟು ಒಳ್ಳೆಯವನಾಗಿದ್ದೆ.

ಹತ್ತಿರದ ಭೋಜ ಎಂಬ ಊರಿನಲ್ಲಿ ನಮ್ಮ ಸಭೆಯ ಒಬ್ಬ ಕೂಲಿ ಹೆಂಗಸು ಎದೆಬೇನೆಯಿಂದ ಹಾಸಿಗೆ ಹಿಡಿದಿದ್ದಳು. ಮೌಶಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಗಂಜಿ ಒಯ್ದು ಕುಡಿಸಿ ಬರುತ್ತಿದ್ದಳು. ಒಂದ್ಸಲ ಬಂದು ತಲೆ ಮ್ಯಾಲ ಕೈ ಇಡ್ರಿ ಎಂದು ಸಾಹೇಬರನ್ನು ಮೂರು ಸಲ ಕೇಳಿದಳು. ರೆಕಾರ್ಡ್ ಮಾಡಿದ ಪ್ರಾರ್ಥನೆ ಹೋಯಿತು. ಬೇಸಿಗೆಯ ಒಂದು ದಿನ ಆ ಹೆಂಗಸು ತೀರಿಕೊಂಡಳು. ಮಧ್ಯಾಹ್ನ ಹೆಣವನ್ನು ಟೆಂಪೋದಲ್ಲಿ ತಂದಾಗ ಗೇಟಿಗೆ ಬೀಗ. ಕೀಲಿ ಕಾರಿನಲ್ಲಿ, ಕಾರು ಗಡಿಯಾಚೆ ಯಾರದೋ ಮದುವೆಯ ಊಟದಲ್ಲಿ. ಗಂಡ ಹೆಣದ ಮುಖಕ್ಕೆ ಬರುವ ನೊಣಗಳನ್ನು ಟವೆಲಿನಿಂದ ಓಡಿಸುತ್ತ ಟೆಂಪೋದಲ್ಲಿ ಕುಳಿತ. ಹೊತ್ತು ಇಳಿಯುವಾಗ ಸಾಹೇಬರು ಬಂದರು. ಪ್ರಾರ್ಥನೆಯ ನಡುವೆ ಎರಡು ಸಲ ತೇಗಿದರು. ನಾನು ಎಂದಿನಂತೆ ವಾಕ್ಯಕ್ಕೆ ವಾಕ್ಯ ಕನ್ನಡ ಮಾಡಿದೆ.

ಮಣ್ಣು ಹಾಕಿ ಹೊರಗೆ ಬರುವಾಗ ಮೌಶಿ ಹೇಳಿದ್ದು ಒಂದೇ ಮಾತು. "ತೇಗಿದ್ದಕ್ಕ ಕನ್ನಡ ಮಾಡಲಿಲ್ಲಲ್ರಿ ಮಾಸ್ತರ್."

ಮುಂದಿನ ಭಾನುವಾರ ಆಕೆಗೆ ಬೈಬಲ್ಲಿನ ಒಂದು ಸ್ತುತಿಯ ಕೀರ್ತನೆ ಓದಲು ಕೊಟ್ಟಿದ್ದರು. ಆಕೆ ಉಣ್ಣೆಯ ಎಳೆ ಇದ್ದಲ್ಲಿ ಪುಸ್ತಕ ತೆರೆದಳು. ಯೆಹೆಜ್ಕೇಲ ಪ್ರವಾದಿಯ ಮಾತು. ದೇವರು ಇಸ್ರಾಯೇಲಿನ ಮುಖಂಡರನ್ನು ಕುರುಬರೆಂದು ಕರೆದು ಝಾಡಿಸುವ ಅಧ್ಯಾಯ ಅದು. ನೀವು ಹಿಂಡನ್ನು ಮೇಯಿಸಲಿಲ್ಲ, ನಿಮ್ಮನ್ನೇ ಮೇಯಿಸಿಕೊಂಡಿರಿ. ಕೊಬ್ಬು ತಿಂದಿರಿ, ಉಣ್ಣೆ ಹೊದ್ದಿರಿ, ರೋಗದ ಕುರಿಯನ್ನು ನೋಡಲಿಲ್ಲ, ಮುರಿದದ್ದನ್ನು ಕಟ್ಟಲಿಲ್ಲ, ಕಳೆದದ್ದನ್ನು ಹುಡುಕಲಿಲ್ಲ ಎಂದು ದೇವರು ಒಂದೊಂದೇ ಆರೋಪ ಹೊರಿಸುತ್ತಾನೆ. ಮೌಶಿ ಒಂದೊಂದು ಆರೋಪಕ್ಕೂ ನಿಂತು, ಕನ್ನಡಕದ ಮೇಲಿಂದ ಸಾಹೇಬರನ್ನು ನೋಡಿ, ಮತ್ತೆ ಬೆರಳಿಟ್ಟಳು. ಒಂದು ಕಡೆ ಪುಸ್ತಕ ಬಿಟ್ಟು ತಲೆಯೆತ್ತಿ, "ಇಲ್ಲಿ ಕುರುಬರು ಅಂತ ಐತಿ. ಬೇಕಾದವರು ಪಾಲಕರು ಅಂತ ಓದ್ಕೊರಿ" ಎಂದಳು. ಭೋಜದ ಆ ಗಂಡ ಹಿಂದಿನ ಬೆಂಚಿನಲ್ಲಿ ಮುಖ ಮುಚ್ಚಿಕೊಂಡ. ಉಳಿದವರು ನಕ್ಕರು.

ಬಾಗಿಲಲ್ಲಿ ನಾನು ಮೆಲ್ಲಗೆ, "ಕುರುಬರಿಗೆ ಛಲೋ ಬಿಸಿ ಮುಟ್ಟಿಸಿದ್ರಿ ಮೌಶಿ" ಎಂದೆ. ಜಾಣನ ಹಾಗೆ ಸುತ್ತ ನೋಡಿಯೇ ಎಂದೆ.

"ನಾ ಅರ್ಧಾ ಓದೇನ್ರಿ," ಎಂದಳು. "ಅಷ್ಟಕ್ಕ ನಿಂದ್ರಸಬಾರದ ಅದನ್ನ. ಕುರುಬರದ್ದ ಆದಮ್ಯಾಲ ದೇವ್ರು ತಾನ ಬಂದು ಹಿಂಡ ಹುಡಕತೇನಿ ಅಂತಾನ. ಅದರ ಮ್ಯಾಲ ಕೊಬ್ಬಿದ ಕುರೀ ಪಾಳಿ. ತಿಳಿನೀರ ತಾವ ಕುಡದು, ಉಳದದ್ದನ್ನ ಕಾಲಿಲೆ ರಾಡಿ ಮಾಡತಾವಲ್ಲ, ಹೆಗಲ ಕೊಟ್ಟು ಬಡಕ ಕುರಿ ಹೊರಗ ದಬ್ಬತಾವಲ್ಲ, ಅವ್ವು. ಮುಂದಿಂದು ನೀವ ಓದ್ಕೊರಿ."

ಓದಲಿಲ್ಲ. ಒಳಕೋಣೆಯಲ್ಲಿ ಸಾಹೇಬರು ಕಾಯುತ್ತಿದ್ದರು. ಅವಳು ಓದಿದ್ದೇನು, ಜನ ನಕ್ಕದ್ದೇಕೆ ಎಂದು ಕೇಳಿದರು. ಆ ತಿಂಗಳ ಕೊನೆಗೆ ನನ್ನ ಮಗಳ ಮದುವೆ ಇತ್ತು. ಸಾಹೇಬರು ನಿಂತು ಮಾಡಿಸಬೇಕು, ರಿಜಿಸ್ಟರಿಗೆ ಸಹಿ ಹಾಕಬೇಕು. ನಾನು ಎಲ್ಲವನ್ನೂ ಮರಾಠಿ ಮಾಡಿ ಹೇಳಿದೆ. ಕುರುಬ, ಪಾಲಕ, ಪಲ್ಲೆ, ಹಳೆಯದು ಹೊಸದು ಎಲ್ಲ. ಅನುವಾದಕ ಪ್ರಾಮಾಣಿಕನಾಗಿರಬೇಕು ಎಂದು ಅಂದು ನನಗೆ ನಾನೇ ಹೇಳಿಕೊಂಡೆ.

ಕಮಿಟಿ ಕೂಡಿತು. ಐದು ಜನ ಗಂಡಸರು, ನಾನು ಆರನೆಯವನು. ಯಾರೂ ಬಾಯಿ ಬಿಡಲಿಲ್ಲ. ಸಾಹೇಬರು ಹೇಳುತ್ತ ಹೋದರು, ನನ್ನ ಅಕ್ಷರ ದುಂಡಗಿದೆಯೆಂದು ನಾನು ಬರೆಯುತ್ತ ಹೋದೆ. ಸಭೆಯ ಪಟ್ಟಿಯಿಂದ ಈಕೆಯ ಹೆಸರು ತೆಗೆಯಲಾಗಿದೆ, ಇನ್ನು ಮೇಲೆ ಪ್ರಭುಭೋಜನದ ರೊಟ್ಟಿಗೂ ಸಭೆಯ ಮಣ್ಣಿಗೂ ಈಕೆಗೆ ಹಕ್ಕಿಲ್ಲ. ಪಟ್ಟಿಯಲ್ಲಿ ಆಕೆಯ ಹೆಸರಿನ ಮೇಲೆ ಗೆರೆ ಎಳೆದವನು ನಾನೇ. ಸ್ಕೇಲ್ ಇಟ್ಟು ಎಳೆದೆ. ಬೇವಿನ ಬುಡದ ಆ ಒಂದಾಳುದ್ದ ನೆಲ ನನಗೆ ನೆನಪಿಗೆ ಬಂತು, ಬಂದರೂ ಸಹಿ ಹಾಕಿದೆ. ಕಾಗದ ಮರಾಠಿಯಲ್ಲಿತ್ತು, ಆಕೆಗೆ ಮರಾಠಿ ಓದಲು ಬಾರದು. ಒಯ್ದು ಓದಿ ಹೇಳುವ ಕೆಲಸವೂ ನನಗೇ ಬಂತು.

ನಮ್ಮ ಗಡಿಯ ಮಾತಿನಲ್ಲಿ ಹೆಸರು ತೆಗೆಯುವುದಕ್ಕೆ ಎರಡರ್ಥ. ಸತ್ತವರ ಹೆಸರನ್ನು ರೇಶನ್ ಕಾರ್ಡಿನಿಂದ ತೆಗೆಯುತ್ತಾರೆ. ಮಗ ಕುಸ್ತಿಯಲ್ಲಿ ಗೆದ್ದರೆ ಅಪ್ಪನ ಹೆಸರು ತಗದ ಎನ್ನುತ್ತಾರೆ, ಕೀರ್ತಿ ತಂದ ಎಂದು. ಮರಾಠಿಯಲ್ಲೂ ಇದೇ ಕಥೆ. ಮೌಶಿಯ ಮನೆಯ ಕಟ್ಟೆಯ ಮೇಲೆ ಕುಳಿತು, ಕಾಗದ ಬಿಡಿಸಿ, ಮೊದಲ ಸಾಲನ್ನಷ್ಟೇ ಕನ್ನಡ ಮಾಡಿದೆ.

"ಸಭಾದವರು ನಿಮ್ಮ ಹೆಸರು ತಗದಾರ ಮೌಶಿ."

ಆಕೆ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮುಖ ಅರಳಿಸಿ, "ನನ್ನ ಹೆಸರು ತಗದ್ರ? ಇಷ್ಟ ವರ್ಷ ಓದಿದ್ದಕ್ಕ ಕಡೀಕರ ತಗದ್ರಲ್ಲ" ಎಂದು ಒಳಗೆ ಹೋಗಿ ಒಂದು ಹೆಂಟೆ ಬೆಲ್ಲ ತಂದಳು. "ಬಾಯಾಗ ಹಾಕ್ಕೊರಿ ಮಾಸ್ತರ್. ಮತ್ತೇನೇನ ಬರದಾರ, ಹೇಳ್ರಿ."

"ಅಷ್ಟ ರೀ," ಎಂದೆ. "ಮತ್ತೇನಿಲ್ಲ."

"ಖರೇನ ಮತ್ತೇನಿಲ್ಲ?"

"ಇಲ್ರಿ."

ಬೆಲ್ಲ ತಿಂದೆ. ಚೆನ್ನಾಗಿತ್ತು. ಮುದುಕಿ ತಪ್ಪು ತಿಳಿದುಕೊಂಡಿದ್ದಾಳೆ, ತಾನಾಗಿಯೇ ತಿಳಿಯಲಿ ಎಂದು ಬೈಕು ಹತ್ತಿದೆ. ದಾರಿಯುದ್ದಕ್ಕೂ ನನಗೆ ಎದೆ ಹಗುರವೇ ಆಗಿತ್ತು, ನಾಚಿಕೆ ಬಂದದ್ದು ಬಹಳ ತಡವಾಗಿ.

ಪ್ರಭುಭೋಜನದ ಭಾನುವಾರ ಮೌಶಿ ಒಗೆದ ಬಿಳಿ ಸೀರೆಯುಟ್ಟು ಬಂದು ಎಲ್ಲರ ಸಾಲಿನಲ್ಲಿ ಮೊಣಕಾಲೂರಿ ಬೊಗಸೆ ಒಡ್ಡಿದಳು. ಸಾಹೇಬರು ರೊಟ್ಟಿಯ ತಟ್ಟೆ ಹಿಡಿದು ಆಕೆಯ ಎದುರು ನಿಂತರು. ದಾಟಿ ಹೋಗಿದ್ದರೆ ಮುಗಿಯುತ್ತಿತ್ತು. ಅವರು ಮೈಕು ತರಿಸಿ ಮರಾಠಿಯಲ್ಲಿ ಸಭೆಗೆ ವಿವರಿಸಿದರು, ಕನ್ನಡದವರಿಗೂ ತಿಳಿಯಲಿ ಎಂದು ನನಗೆ ಕಣ್ಣು ಮಾಡಿದರು. ನಾನು ಹೇಳಿದೆ. "ಈ ಸಹೋದರಿಯ ಹೆಸರು ಸಭೆಯ ಪಟ್ಟಿಯಲ್ಲಿಲ್ಲ. ಈ ಸಭೆಯ ರೊಟ್ಟಿಯಲ್ಲಾಗಲಿ ಮಣ್ಣಿನಲ್ಲಾಗಲಿ ಇವರಿಗೆ ಪಾಲಿಲ್ಲ." ಪುಸ್ತಕದ ಕನ್ನಡದಲ್ಲಿ ಹೇಳಿದೆ, ವ್ಯಾಕರಣ ತಪ್ಪಲಿಲ್ಲ.

ಮೌಶಿ ಖಾಲಿ ಬೊಗಸೆಯನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದಳು. ಪಕ್ಕದ ಹೆಂಗಸರು ಸರಿದು ಕುಳಿತರು. ಆಮೇಲೆ ಕೈಗಳನ್ನು ಸೆರಗಿಗೆ ಒರೆಸಿ, ಎದ್ದು, ನನ್ನ ಹತ್ತಿರ ನಿಂತು, "ಕನ್ನಡ ಛಂದ ಮಾಡಿದ್ರಿ" ಎಂದು ಹೊರಗೆ ನಡೆದಳು.

ಮಗಳ ಮದುವೆ ಚೆನ್ನಾಗಿ ಆಯಿತು. ಮೌಶಿಯನ್ನು ಕರೆಯಲಿಲ್ಲ.

ಆಕೆ ಚರ್ಚು ಬಿಡಲಿಲ್ಲ. ಪ್ರತಿ ಭಾನುವಾರ ಬಂದು ಹೊರಗಿನ ಮೆಟ್ಟಿಲ ಮೇಲೆ, ಕಿಟಕಿಯ ಕೆಳಗೆ ಕೂರುತ್ತಿದ್ದಳು. ಒಳಗೆ ಓದುವ ಹೊಸಬ ಪಾಲಕ ಎಂದಾಗಲೆಲ್ಲ ಹೊರಗಿನಿಂದ "ಕುರುಬ" ಎಂದು ದೊಡ್ಡ ದನಿ ಬರುತ್ತಿತ್ತು. ಕಿಟಕಿ ಮುಚ್ಚಿಸಿದರು. ದನಿ ಸಣ್ಣದಾಯಿತು, ನಿಲ್ಲಲಿಲ್ಲ. ಮಗಳ ಗೋರಿಗೆ ಹೋಗಲೂ ಗೇಟಿನ ಬೀಗ ಅಡ್ಡ ಬಂದಾಗ ಗೋಡೆಯ ಹೊರಬದಿಗೆ ಹೋಗಿ, ಬೇವಿನ ಗಿಡದ ನೇರಕ್ಕೆ ಬೆನ್ನು ಕೊಟ್ಟು ಕುಳಿತು ಬುತ್ತಿ ಉಣ್ಣತೊಡಗಿದಳು. "ಗ್ವಾಡಿ ದಪ್ಪ ಒಂದ ಮೊಳ. ಅಷ್ಟ ದೂರ ಅದೇವಿ ತಾಯಿ ಮಗಳು," ಎಂದಿದ್ದಳು ಯಾರಿಗೋ. ನಾನು ಆ ದಾರಿ ಬಿಟ್ಟು ಬೇರೆ ದಾರಿಯಿಂದ ಮನೆಗೆ ಹೋಗುತ್ತಿದ್ದೆ.

ಈ ವರ್ಷ ಮಳೆ ಹಿಂದೆಗೆಯುವ ಹೊತ್ತಿಗೆ ಆಕೆ ಹಾಸಿಗೆ ಹಿಡಿದಳು. ಕರೆ ಬಂತು, ಒಂದು ಮಧ್ಯಾಹ್ನ ಹೋದೆ. ಮುಖ ಮುಷ್ಟಿಯಷ್ಟಾಗಿತ್ತು. ಕುಳಿತ ಕೂಡಲೇ ಕೈ ಚಾಚಿ ನನ್ನ ಕಣ್ಣಿನ ರೆಪ್ಪೆ ಜಗ್ಗಿದಳು. ಬೆರಳಿನಲ್ಲಿ ಬಲವಿರಲಿಲ್ಲ.

"ರಗತ ಇನ್ನೂ ಛಲೋ ಐತಿ ನಿಮಗ," ಎಂದಳು. ಆಮೇಲೆ ತಾನೇ ಶುರು ಮಾಡಿದಳು. "ಅವತ್ತ ಕಾಗದ ತಂದಾಗ ನನಗ ತಿಳದಿತ್ತರಿ ಮಾಸ್ತರ್. ನಾ ಏನ ದಡ್ಡಿ?"

ನಾನು ನೀರಿನ ಲೋಟ ಮುಂದೆ ಹಿಡಿದೆ, ಆಕೆ ಅದನ್ನು ಪಕ್ಕಕ್ಕೆ ಸರಿಸಿದಳು.

"ಕುರೀಗಿ ಔಷಧ ಕುಡಸೂ ಮುಂದ ಬಾಯಿಗಿ ಬೆಲ್ಲ ಹಚ್ಚತೇವಿ. ಬಾಯಿ ತಗೀಲಿ ಅಂತ. ನಿಮಗೂ ಅದಕ್ಕ ಕೊಟ್ನಿ. ಬಾಯಿ ತಗದು ಖರೆ ಹೇಳತೀರಿ ಅಂತ ಕುಂತ್ನಿ. ನೀವು ಬೆಲ್ಲ ನೆಕ್ಕಿ ಬಾಯಿ ಮುಚ್ಚಿದ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ. ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದು ನನ್ನ ಕೈಗಿಟ್ಟಳು.

"ಮಗಳ ಬಾಜೂಕ ಹಾಕಸತೇನಿ ಅಂದಿದ್ರಿ."

"ಸಾಹೇಬ್ರ ಹತ್ರ ಮಾತಾಡ್ತೀನ್ರಿ," ಎಂದೆ.

ಆಕೆಗೆ ನಗು ಬಂತು. "ಮಾತಾಡ್ರಿ. ಕುರಿ ಕಳದ್ರ ಕುರುಬ ಹುಡಕತಾನ. ಕುರುಬನ ಕಳದ್ರ ಹಿಂಡಿನ ಧಣಿ ತಾನ ಬರಬೇಕಾಕ್ಕೈತಿ. ಬರತೇನಿ ಅಂತ ಬರಸ್ಯಾನ. ನಾ ಎಲ್ಲಿ ಬಿದ್ರೂ ಹುಡಕತಾನ ಬಿಡ್ರಿ. ನಿಮ್ಮ ಕೀಲಿ ಅಂವಗ ಬೇಕಾಗಂಗಿಲ್ಲ."

ಮರುದಿನ ಬೆಳಿಗ್ಗೆ ತೀರಿಕೊಂಡಳು. ಸಾಹೇಬರ ಮನೆಗೆ ಹೋದೆ. ಅವರು ನಾಷ್ಟಾಕ್ಕೆ ಕುಳಿತಿದ್ದರು, ಕೀಲಿಯ ಬಳೆ ತಟ್ಟೆಯ ಪಕ್ಕದಲ್ಲೇ ಇತ್ತು. ವಿಷಯ ಕೇಳಿ ಮರಾಠಿಯಲ್ಲಿ ಎರಡೇ ಪ್ರಶ್ನೆ ಕೇಳಿದರು. ಪಟ್ಟಿಯಲ್ಲಿ ಹೆಸರಿದೆಯೇ? ಗೆರೆ ಎಳೆದದ್ದು ಯಾರು? ಇವಕ್ಕೆ ಕನ್ನಡ ಮಾಡಬೇಕಾಗಿರಲಿಲ್ಲ. ಹಿಂತಿರುಗುವಾಗ ಗೇಟಿನ ಮುಂದೆ ನಿಂತೆ. ಹಳೆಯ ಗೇಟು, ಸಣ್ಣ ಬೀಗ, ಕಾಲ ಹತ್ತಿರವೇ ಒಂದು ಕಲ್ಲು. ಒಂದು ಏಟಿನ ಕೆಲಸ. ಹುದ್ದೆಯಿಂದ ನಿವೃತ್ತನಾಗಿದ್ದೆ, ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಳು, ಹೆದರಲು ನನಗೆ ಒಂದು ಕಾರಣವೂ ಉಳಿದಿರಲಿಲ್ಲ. ಆದರೂ ಕಲ್ಲು ಎತ್ತಲಿಲ್ಲ. ಆ ಕಲ್ಲು ಈಗಲೂ ಅಲ್ಲೇ ಇದೆ.

ಆಕೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಸತ್ತಿಯ ಒಂದು ಫೋನ್ ನಂಬರು ಇತ್ತು. ಬೇರೆ ದಾರಿ ಕಾಣದೆ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಕುರಿ ಸಾಗಿಸುವ ಒಂದು ಟೆಂಪೋ ಬಂತು, ಹಿಕ್ಕೆಯ ವಾಸನೆ ಹಾಗೆಯೇ ಇತ್ತು. ಇಳಿದವರು ಮೌಶಿಯ ಅಣ್ಣ, ತೊಂಬತ್ತರ ಹತ್ತಿರದ ಮುದುಕ, ಹೆಗಲ ಮೇಲೆ ಕಂಬಳಿ. ಜೊತೆಗೆ ಅವರ ಇಬ್ಬರು ಮಕ್ಕಳು. ಮುದುಕ ಅಳಲಿಲ್ಲ. ತಂಗಿಯ ಪಕ್ಕ ಕುಳಿತು ಹೆಬ್ಬೆರಳಿನಿಂದ ಆಕೆಯ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು.

"ರಗತ ಇಲ್ಲ," ಎಂದರು. "ನಡೀರಿ, ನಮ್ಮ ಹೊಲದಾಗ ಹಾಕೂಣು. ಒಮ್ಮಿ ದಿನ ಮಾಡೇನಿ, ಹೆಣಾ ಈಗ ಸಿಕ್ಕೈತಿ."

ಸಭೆಯವರು ಯಾರೂ ಟೆಂಪೋ ಹತ್ತಲಿಲ್ಲ. ಮುದುಕ ನನ್ನ ಕೈಯಲ್ಲಿನ ಪುಸ್ತಕ ನೋಡಿ, "ನೀವರ ಬರ್ರಿ. ಆಕಿ ದೇವ್ರದ ಒಂದ ಮಾತ ಆಗಲಿ" ಎಂದರು. ಹೋದೆ. ಚಿಕ್ಕೋಡಿ ದಾಟಿತು, ರಾಯಬಾಗ ದಾಟಿತು, ಹೊಳೆ ದಾಟಿದೆವು. ಬೇವಿನ ಬುಡದ ಆ ನೆಲದಿಂದ ದೂರ ಹೋಗುತ್ತಲೇ ಇದ್ದೆವು. ಕುರಿ ಕಟ್ಟುವ ಹಗ್ಗಗಳ ನಡುವೆ ಆಕೆ ಬಿಳಿ ಸೀರೆಯಲ್ಲಿ ಅಲುಗಾಡುತ್ತಿದ್ದಳು.

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಹಿಂಡು ಆಚೆ ಮೇಯುತ್ತಿತ್ತು. ಹತ್ತು ಹನ್ನೆರಡು ಜನ ಕುರುಬರು, ಯಾರಿಗೂ ಆಕೆಯ ಗುರುತಿಲ್ಲ. ಇಳಿಸಿದ ಮೇಲೆ ಮುದುಕ ನನಗೆ ಓದಿರೆಂದು ಕೈ ಮಾಡಿದರು. ಉಣ್ಣೆಯ ಎಳೆ ಎಲ್ಲಿತ್ತೋ ಆ ಹಾಳೆ ಬಿಡಿಸಿದೆ. ಅದೇ ಅಧ್ಯಾಯ. ಮೊದಲಿನಿಂದ ಓದಿದೆ. ತಮ್ಮನ್ನೇ ಮೇಯಿಸಿಕೊಂಡ ಕುರುಬರ ಮಾತು ಬಂದಾಗ ಸುತ್ತ ನಿಂತವರು ಕೆಲಸ ಬಿಟ್ಟು ಕಿವಿಗೊಟ್ಟರು. ಒಬ್ಬ, "ನಮ್ಮ ಮಂದೀನ ಬೈಯಾಕತ್ತೈತಲ್ಲೋ" ಎಂದ. ಮುಂದೆ ದೇವರು ಆ ಕುರುಬರನ್ನು ಕೆಲಸದಿಂದ ಬಿಡಿಸಿ, ತಾನೇ ಕುರುಬನಾಗಿ ಹಿಂಡನ್ನು ಹುಡುಕುತ್ತೇನೆ, ಮೋಡ ಕವಿದ ದಿನ ಚದುರಿ ಹೋದದ್ದನ್ನು ಎಲ್ಲಿದ್ದರೂ ತರುತ್ತೇನೆ, ಮುರಿದದ್ದನ್ನು ಕಟ್ಟುತ್ತೇನೆ ಎನ್ನುತ್ತಾನೆ. ಕುರುಬ ಎಂದೇ ಓದಿದೆ.

ಮುದುಕ ಕೈಯೆತ್ತಿ ನಿಲ್ಲಿಸಿದರು. "ಆಕಿ ದೇವ್ರು ಕುರುಬ ಏನ್ರಿ?"

"ಹೌದ್ರಿ. ಹಂಗ ಬರದೈತಿ."

ಅವರು ಕುಣಿಯೊಳಗೆ ನೋಡಿದರು. "ಹಂಗಾದ್ರ ನನ್ನ ತಂಗಿ ಮಂದಿ ಬಿಟ್ಟ ಹೋಗಿರಲಿಲ್ಲಲ್ರಿ. ನಾ ಸುಮ್ನ ದಿನ ಮಾಡ್ನಿ." ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡರು. "ಇಷ್ಟ ವರ್ಷ ಇದನ್ನ ನನಗ ಯಾರೂ ಯಾಕ ಓದಿ ಹೇಳಲಿಲ್ಲ?"

ಕಣ್ಣು ಹಾಳೆಯ ಮೇಲೆ ಬಿತ್ತು. ಉಣ್ಣೆಯ ಎಳೆಯನ್ನು ಮೌಶಿ ಅಧ್ಯಾಯದ ಮೊದಲಿಗೆ ಇಟ್ಟಿರಲಿಲ್ಲ, ನಾನು ಓದಿ ನಿಲ್ಲಿಸಿದ ಸಾಲಿನ ಕೆಳಗೇ ನೇರವಾಗಿ ಹಾಸಿದ್ದಳು. ಅದರ ಕೆಳಗೆ ಕೊಬ್ಬಿದ ಕುರಿಗಳ ಮಾತು. ತಿಳಿನೀರು ಕುಡಿದು ಉಳಿದದ್ದನ್ನು ಕಾಲಿನಿಂದ ರಾಡಿ ಮಾಡಿದವುಗಳಿಗೆ, ಹೆಗಲಿನಿಂದ ಬಡಕಲು ಕುರಿಯನ್ನು ಹೊರಗೆ ದಬ್ಬಿದವುಗಳಿಗೆ ದೇವರು ಹೇಳಿದ್ದು.

"ಮುಂದ ಓದ್ರಿ ಮಾಸ್ತರ್," ಎಂದರು ಮುದುಕ.

"ಮುಗೀತ್ರಿ," ಎಂದು ಪುಸ್ತಕ ಮುಚ್ಚಿದೆ.